ಮುಟ್ಟಿ ನೋಡ್ರಿ

ತೆಲಿಗಿ, ಸೋಮವಾರ

ಪಾಲಾಕ್ಷಪ್ಪ ಮಾಸ್ತರಿಗೆ,

ಪೂಜ್ಯ ಅಂತ ಬರೀಲಿಲ್ಲ. ಮರೆತಿಲ್ಲ, ಬೇಕಂತಲೇ ಬಿಟ್ಟೀನಿ.

ನಾನು ಒಂಬತ್ತನೇ ಕ್ಲಾಸಿನ ಹುಲಿಗೆಮ್ಮನ ತಾಯಿ. ನೀವು ತೀರ್ಪುಗಾರರಾಗಿದ್ದ ಹರಪನಹಳ್ಳಿ ವಿಜ್ಞಾನ ಮೇಳದಾಗ ಆಕಿ ಹಿಂದ ನಿಂತಿದ್ದೆ. ಗುರು ಗ್ರಹದ ಚಂದ್ರ ಅಯೋ ಅಂತ ಆಕಿ ಅಂದಕೂಡ್ಲೇ ನೀವು, ಅಯ್ಯೋ ಅಂತ ಯಾಕ ಅಳತಿ ಅಂತ ಎಲ್ಲಾರನ್ನೂ ನಗಿಸಿದ್ರಿ. ಹೋಗ್ಲಿ. ಅದರ ಮೈತುಂಬ ಬೆಂಕಿ ಉಗುಳೋ ಜ್ವಾಲಾಮುಖಿ ಅದಾವ ಅಂತ ಆಕಿ ಅಂದ್ಲು. ಅಷ್ಟು ಸಣ್ಣ ಚಂದ್ರ ಎಂದೋ ತಣ್ಣಗಾಗಬೇಕಿತ್ತು, ಒಳಗ ಬೆಂಕಿ ಯಾರು ಹಚ್ಚಿದ್ರು ಅಂತ ಕೇಳಿದ್ರಿ.

ಆಕಿ ಸರಿಯಾಗೇ ಹೇಳಿದ್ಲು. ಗುರು ಒಂದು ಕಡಿ ಜಗ್ಗತೈತಿ, ಉಳಿದ ಚಂದ್ರಗಳು ಇನ್ನೊಂದು ಕಡಿ ಜಗ್ಗತಾವ. ಮೈ ಬಗ್ಗಿ ಬಗ್ಗಿ ಒಳಗಿನ ಕಲ್ಲು ಕಾದು ಕರಗತೈತಿ. ಅದನ್ನ ತೋರಸಾಕ ಬೇಲಿ ತಂತಿ ಹತ್ತಿಪ್ಪತ್ತು ಸಲ ಬಗ್ಗಿಸಿ, ಮುಟ್ಟಿ ನೋಡ್ರಿ ಸರ್, ಬಿಸಿ ಐತಿ ಅಂತ ಕೈ ಚಾಚಿದ್ಲು. ಬೇಲಿ ಕೆಲಸದಾಗ ಕಟ್ಟರ್ ಇಲ್ಲದಾಗ ನಾನು ತಂತಿ ಹಂಗ ಮುರಿತೀನಿ. ಆಕಿ ಅದನ್ನ ನೋಡಿ ಕಲಿತದ್ದು.

ಉಳಿದ ಮಕ್ಕಳ ಸಾಮಾನು ಕೈಯಾಗ ಹಿಡಿದು ನೋಡಿದ್ರಿ. ಆಕಿನ್ನ ಮಾತ್ರ ಯಾವ ಕೇರಿ ಅಂತ ಕೇಳಿ, ಮೇಜಿನ ಮ್ಯಾಲ ಇಡು ಅಂದ್ರಿ. ತಂತಿ ಅಲ್ಲೇ ಆರಿತು. ನೀವು ಅಂಕದ ಹಾಳಿ ಮ್ಯಾಲ ‘ಸಾಬೀತಾಗಿಲ್ಲ’ ಅಂತ ಬರೆದ್ರಿ.

ಆ ಹಾಳಿ ತಿದ್ದಿ ಶಾಲಿಗೆ ಕಳಸ್ರಿ. ಆಕಿ ಮತ್ತ ನಿಮ್ಮ ಮುಂದ ಬಂದು ನಿಲ್ಲಂಗಿಲ್ಲ.

ಈ ಕಾಗದ ಸುತ್ತಿ ಕಟ್ಟಿದ್ದು ಅದೇ ತಂತಿಲೆ. ಬಿಗಿಯಾಗಿ ಕಟ್ಟೀನಿ. ಬಗ್ಗಸದ ಬಿಚ್ಚಾಕ ಬರಂಗಿಲ್ಲ.

ಬೆರಳಿಗೆ ಬಿಸಿ ಹತ್ತಿತೇನ್ರಿ?

ಅಂಜಿನಕ್ಕ