ನೀನು ಹಸಿರು ಟೋಪಿ ಹಾಕಿಕೊಂಡ ದಿನ

ರಸ್ಸೆಲ್, ನನ್ನ ಮೊಮ್ಮಗನೇ,

ನಿನ್ನೆ ಹಿಲರಿ ಅಂತ ನರ್ಸೊಬ್ಬಳು ಮನೆಗೆ ಬಂದಿದ್ದಳು. ಬಿಸ್ಕತ್ತು ಮುಟ್ಟಲಿಲ್ಲ, ಮೈ ಇಳಿಸ್ತಿದ್ದಾಳಂತೆ. ನಿನ್ನಂಥ ನಿಧಾನ ಬುದ್ಧಿಯವರು ಸತ್ತರೆ, ಯಾಕೆ ಇಷ್ಟು ಬೇಗ ಸತ್ತರು ಅಂತ ವಿಚಾರಿಸೋದು ಅವಳ ಕೆಲಸ. ಇನ್ನೊಬ್ಬರು ಹಾಗೆ ಸಾಯಬಾರದಲ್ಲ, ಅದಕ್ಕೆ.

"ಕರುಳು ಕಟ್ಟಿತ್ತು, ಮಿಸೆಸ್ ಥಾರ್ಪ್. ಸಮಯಕ್ಕೆ ನೋಡಿದ್ದರೆ ಉಳೀತಿದ್ದ," ಅಂದಳು. "ನೋವಾದರೆ ಹೇಗೆ ತೋರಿಸ್ತಿದ್ದ?"

"ಬಾಯಲ್ಲಿ ಹೇಳ್ತಿರಲಿಲ್ಲ. ಹಸಿರು ಟೋಪಿ ಹಾಕ್ಕೊಂಡು ಕೂತುಬಿಡ್ತಿದ್ದ."

"ಆಸ್ಪತ್ರೆಯಲ್ಲೂ ಹಾಕ್ಕೊಂಡಿದ್ನಾ?"

"ಕಿವಿ ಮುಚ್ಚೋ ಹಾಗೆ ಎಳ್ಕೊಂಡಿದ್ದ. ಡಾಕ್ಟರು, 'ಇವನು ಮನೆಗೆ ಹೊರಟೇಬಿಟ್ಟನಲ್ಲ' ಅಂತ ನಕ್ಕರು. ಮಾತ್ರೆ ಕೊಟ್ಟು ಕಳಿಸಿಯೂ ಬಿಟ್ಟರು."

"ಟೋಪಿ ಅಂದರೆ ನೋವು ಅಂತ ಅವರಿಗೆ ಯಾರೂ ಹೇಳಲಿಲ್ವಾ?"

ಹಂದಿಮಾಂಸದಲ್ಲಿ ಕೊಬ್ಬು ಜಾಸ್ತಿ ಹಾಕಿದ ಅಂತ ಅಂಗಡಿಯವನನ್ನು ಬೀದಿಗೆಲ್ಲ ಕೇಳೋ ಹಾಗೆ ಬೈಯೋಳು ನಾನು. ಪಾದ್ರಿಯನ್ನೂ ಬಿಟ್ಟವಳಲ್ಲ. ಆದರೆ ಡಾಕ್ಟರೆದುರು ತಕರಾರು ತೆಗೆಯಬಾರದು ಅಂತ ನಮ್ಮಮ್ಮ ಕಲಿಸಿದ್ದಳು. ಅವರನ್ನು ಕಾಣೋಕೆ ಚರ್ಚಿಗೆ ಅಂತ ಇಟ್ಟ ಒಳ್ಳೆ ಕೋಟು ಹಾಕ್ಕೊಂಡು ಹೋಗಿ, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಥ್ಯಾಂಕ್ಯೂ ಅಂದು ಬರೋದು ನಮ್ಮ ಕಡೆಯ ಮರ್ಯಾದೆ.

"ಟೀ ಆರಿಹೋಯ್ತು, ಬೇರೆ ತರ್ತೀನಿ," ಅಂತ ಎದ್ದುಬಿಟ್ಟೆ. ವಾಪಸು ಬಂದಾಗ ಅವಳು ಮತ್ತೆ ಕೇಳಲಿಲ್ಲ. ಡಾಕ್ಟರು ನಕ್ಕರು ಅಂತಷ್ಟೇ ಬರೆದುಕೊಂಡು ಹೋದಳು.

ಗುರುವಾರ ಮತ್ತೆ ಬರ್ತಾಳೆ. ಟೋಪಿ ಬಾಗಿಲ ಹಿಂದೆಯೇ ಇದೆ, ಅದನ್ನು ತೋರಿಸಬೇಕು. ಉಳಿದದ್ದನ್ನೂ ಹೇಳಬೇಕು. ಆ ದಿನ ಡಾಕ್ಟರ ಜೊತೆ ನಾನೂ ನಕ್ಕಾಗ ನೀನು ತಿರುಗಿ ನೋಡಿದ್ದು ಅವರ ಮುಖವನ್ನಲ್ಲ.

ನಿನ್ನ ಅಜ್ಜಿ