ಬರೇ ಹೆದರಿಸಿ ಕಳಿಸುವ ವಿದ್ಯೆ

ಹುಬ್ಬಳ್ಳಿ, ಫೆಬ್ರುವರಿ ಮೂವತ್ತು, 2261

ಹವಾಲ್ದಾರ ಫಕೀರಪ್ಪ ತಳವಾರ ಅವರಿಗೆ, ಗಂಗಾಂಬಿಕಾ ಕಡಪಟ್ಟಿಯ ನಮಸ್ಕಾರ.

ತಾರೀಖು ಕಂಡು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಈ ನಗರದ ಕೊನೆಯ ಠಾಣೆಯ ಅಧಿಕಾರಿ. ಇಲ್ಲಿನ ಪೊಲೀಸರ ಚರಿತ್ರೆ ಬರೆಯುವ ಕೆಲಸವೂ ನನ್ನದೇ. ಬರೆಯುತ್ತ ಬರೆಯುತ್ತ, ಇನ್ನೂರು ಚಿಲ್ಲರೆ ವರ್ಷ ಹಿಂದಿನ ನಿಮ್ಮ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಾಗಿದೆ, ಹೇಳಿಬಿಡುತ್ತೇನೆ.

ನಮ್ಮಲ್ಲಿ ಗಸ್ತಿಲ್ಲ, ಲಾಠಿಯಿಲ್ಲ. ಬೀದಿ, ಕಚೇರಿಗಳ ಗೋಡೆಯಲ್ಲೆಲ್ಲ ‘ಎಚ್ಚರ’ ಎಂಬ ಯಂತ್ರದ ಕಿವಿಗಳಿವೆ. ಯಾರಾದರೂ ದೂರು ಹೇಳಿದರೆ ಅದು ಕೇಳಿಸಿಕೊಳ್ಳುತ್ತದೆ. ಆರೋಪಿ ಸಂಜೆಯೊಳಗೆ ‘ತಿದ್ದುಮನೆ’ ಸೇರುತ್ತಾನೆ, ವರ್ಷಗಟ್ಟಲೆ ಹೊರಬರುವುದಿಲ್ಲ. ಕಳ್ಳತನ ನಿಂತಿದೆ. ಹಬ್ಬದ ಬಂದೋಬಸ್ತಿಗೆ ಯಾರೂ ಬಿಸಿಲಲ್ಲಿ ನಿಲ್ಲುವುದಿಲ್ಲ. ನನ್ನ ಬಾಗಿಲಿಗೂ ಯಾರೂ ಬರುವುದಿಲ್ಲ. ನಿಮ್ಮ ಬಾಗಿಲಿಗೆ ಎಷ್ಟು ಜನ! ನಿಮ್ಮ ಠಾಣೆಯ ಕ್ಯಾಮೆರಾದ ದೃಶ್ಯಗಳು ಉಳಿದುಬಂದಿವೆ. ಗಂಡನನ್ನು ಎಳೆದು ತಂದ ಒಬ್ಬ ಹೆಂಗಸು ಮೇಜು ಬಡಿದು ಹೇಳುತ್ತಾಳೆ: “ಕೇಸ್ ಮಾಡಬ್ಯಾಡ್ರಿ ಸಾಹೇಬ್ರ, ಒಳಗೂ ಹಾಕಬ್ಯಾಡ್ರಿ. ಬರೇ ಒಂದೀಟು ಹೆದರಿಸಿ ಕಳಸ್ರಿ!” ನೀವು “ಆತು ಬಿಡವಾ, ನಾ ನೋಡ್ಕೋತೀನಿ” ಎಂದು ಆ ಗಂಡನ ಹೆಗಲಿಗೆ ಕೈಹಾಕಿ ಚಹಾದಂಗಡಿಯತ್ತ ನಡೆಯುತ್ತೀರಿ. ಕ್ಯಾಮೆರಾ ಅಲ್ಲಿಗೆ ಬರುವುದಿಲ್ಲ. ತಿರುಗಿ ಬಂದವನು ತೆಪ್ಪಗೆ ಹೆಂಡತಿಯ ಚೀಲ ಹೊತ್ತು ಮನೆಗೆ ಹೋಗುತ್ತಾನೆ. ಏನು ಹೇಳಿದಿರಿ ಮಹಾರಾಯರೇ? ರಜೆಯಿಲ್ಲದೆ ದುಡಿದಿರಿ, ಮೇಲಿನವರಿಂದ ಬೈಸಿಕೊಂಡಿರಿ, ಎಲ್ಲ ಬಲ್ಲೆ. ಆದರೂ ನಿಮ್ಮನ್ನು ಕಂಡರೆ ಮೈ ಉರಿಯುತ್ತದೆ. ನನ್ನ ಮೇಜನ್ನು ಯಾರೂ ಹಾಗೆ ಬಡಿದಿಲ್ಲ.

ಇವತ್ತು ಬೆಳಿಗ್ಗೆ ನೆರೆಯ ಮಲ್ಲವ್ವ ಅಳುತ್ತ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಠಾಣೆಯ ‘ಎಚ್ಚರ’ವನ್ನು ಆರಿಸಿಬಿಟ್ಟೆ. ಇದಕ್ಕೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ಅವಳ ಗಂಡ ಸಿಟ್ಟು ಬಂದಾಗ ತಟ್ಟೆ ಎಸೆಯುತ್ತಾನಂತೆ. “ತಿದ್ದುಮನಿಗೆ ಕಳಸಬ್ಯಾಡ್ರಿ ಅಕ್ಕಾರ, ಮಕ್ಕಳು ಅಪ್ಪಾ ಅಪ್ಪಾ ಅಂತಾವು. ಒಂದೀಟು ಹೆದರಸ್ರಿ ಸಾಕು” ಎಂದಳು. ನನ್ನ ಪುಣ್ಯ, ನನಗೂ ಆ ಮಾತು ಕೇಳುವ ದಿನ ಬಂತು. ಅವಳ ಗಂಡನಿಗೆ ಬರಹೇಳಿದೆ.

ಈಗಷ್ಟೇ ಬಂದ. ನನ್ನ ಸಮವಸ್ತ್ರ ಕಂಡದ್ದೇ ಹೊಸ್ತಿಲಲ್ಲಿ ಕುಸಿದು ಕುಳಿತಿದ್ದಾನೆ, ತಿದ್ದುಮನೆಗೇ ಒಯ್ಯುತ್ತಾರೆಂದು ಗಡಗಡ ನಡುಗುತ್ತಿದ್ದಾನೆ. ಮಲ್ಲವ್ವನೇ ಅವನಿಗೆ ನೀರು ಕುಡಿಸುತ್ತಿದ್ದಾಳೆ. ನಿಮ್ಮ ಕಾಲದವರಲ್ಲಿ ಒಂದೀಟು ಹೆದರಿಸಲು ಜಾಗ ಉಳಿದಿತ್ತಲ್ಲ ಸಾಹೇಬರೇ, ಅದಕ್ಕೇ ನನ್ನ ಹೊಟ್ಟೆಕಿಚ್ಚು. ಇವನನ್ನು ನಾನು ಇನ್ನೇನೆಂದು ಹೆದರಿಸಲಿ?