ನೇರಳೆ ಬೆಟ್ಟ

ಪ್ರೀತಿಯ ತಮ್ಮಾ,

ನಿನ್ನ ಅಕ್ಕ ಅರವತ್ತೊಂದನೇ ವಯಸ್ಸಿನಲ್ಲಿ ಕುಂಚ ಹಿಡಿದಿದ್ದಾಳೆ. ನಗು, ಪರವಾಗಿಲ್ಲ. ನಕ್ಷೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸ್ಕೇಲಿಟ್ಟು ಗೆರೆ ಎಳೆದ ಕೈ, ನಿವೃತ್ತಿಯಾದ ಮೇಲೂ ಸುಮ್ಮನಿರಲು ಒಪ್ಪಲಿಲ್ಲ. ವಾರಕ್ಕೆ ಎರಡು ಬೆಳಿಗ್ಗೆ, ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ.

ಮೊದಲ ದಿನವೇ ಬೆಟ್ಟ. ನಾನು ಇಳಿಜಾರನ್ನೆಲ್ಲ ಅಳೆದು ಸುರಿದು ಬರೆದೆ. ಅಭ್ಯಾಸಬಲ ನೋಡು, ತುದಿಯಲ್ಲಿ ಎತ್ತರದ ಅಂಕಿ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ, ಎರಡನ್ನೂ ಹಾಕಿಬಿಟ್ಟಿದ್ದೆ. ನನ್ನ ಮಗಳಿಗಿಂತ ಚಿಕ್ಕವಳಾದ ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಬೆಟ್ಟಕ್ಕೂ ನಂಬರ್ ಪ್ಲೇಟ್ ಹಾಕ್ತೀರಾ? ಎಷ್ಟು ಎತ್ತರ ಅನ್ನೋದು ಬೇಡ. ನೋಡಿದಾಗ ನಿಮಗೇನನ್ನಿಸ್ತು, ಅದನ್ನ ಬಳೀರಿ."

ಏನನ್ನಿಸಿತು? ನೀನು ನೆನಪಾದೆ.

ಆಗ ನಿನಗೆ ಹನ್ನೊಂದು, ನನಗೆ ಹದಿನಾರು. ಶಾಲೆಯ ಸ್ಪರ್ಧೆಗೆಂದು ನೀನು ಮನೆಯ ಹಿಂದಿನ ಬೆಟ್ಟದ ಚಿತ್ರ ಬರೆದು, ನೇರಳೆ ಬಳಿದು ಒಣಗಲು ಇಟ್ಟಿದ್ದೆ. "ಬೆಟ್ಟ ಎಲ್ಲಾದ್ರೂ ನೇರಳೆ ಇರುತ್ತೇನೋ, ಪೆದ್ದ?" ಎಂದು ನಾನು ಗದರಿದೆ. "ಸಂಜೆ ಹೊತ್ತು ನೋಡು ಅಕ್ಕಾ," ಎಂದೆ ನೀನು. ನಾನು ನೋಡಲಿಲ್ಲ. ನೀನು ಆಟಕ್ಕೆ ಹೋದಾಗ ನಾನೇ ಅದರ ಮೇಲೆ ಹಸಿರು ಬಳಿದು, ಸ್ಕೇಲಿಟ್ಟು ಅಂಚು ತಿದ್ದಿದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಮೊದಲ ಬಹುಮಾನವೂ ಬಂತು. ಬಹುಮಾನದ ಬಣ್ಣದ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಇದು ನಿಂದು," ಎಂದೆ ನೀನು. ಆಮೇಲೆ ನೀನು ಕುಂಚ ಮುಟ್ಟಲೇ ಇಲ್ಲ. ಬಸ್ಸಿನ ಇಂಜಿನ್ ರಿಪೇರಿ ಕಲಿತೆ, ಹೆಸರು ಮಾಡಿದೆ. ನಾವು ಮಾತು ಬಿಟ್ಟವರಲ್ಲ, ಆದರೆ ಆ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ಮೊನ್ನೆ ಸಂಜೆ ಮಹಡಿ ಹತ್ತಿ ನೋಡಿದೆ. ಇಲ್ಲಿ ಕಾಣುವುದು ಬೇರೆ ಬೆಟ್ಟ. ಆದರೂ ಹೌದು ಕಣೋ, ನೇರಳೆಯೇ! ಬಟ್ಟೆ ಒಣಹಾಕುವ ತಂತಿ ಹಿಡಿದುಕೊಂಡು ಅತ್ತುಬಿಟ್ಟೆ. ತಪ್ಪು ನನ್ನದು. ಇಷ್ಟು ಹೇಳಲು ನಲವತ್ತೈದು ವರ್ಷ ಬೇಕಾಯಿತು.

ಮರುದಿನ ಸ್ಕೇಲನ್ನು ಮನೆಯಲ್ಲೇ ಬಿಟ್ಟು ಹೋದೆ. ದಪ್ಪ ಕುಂಚ ತಾನೇ ಓಡಿತು. ಎಡಗಡೆಯ ಇಳಿಜಾರು ನನಗೇ ಇಷ್ಟವಾಯಿತು, ಬಲಗಡೆ ಮಾತ್ರ ಬಣ್ಣ ಕಲಸಿಹೋಗಿ ಕೆಸರಾಗಿದೆ. ಟೀಚರ್ ಈ ಸಲ ನಗಲಿಲ್ಲ.

ಆ ಚಿತ್ರವನ್ನೇ ಕಾಗದದ ಜೊತೆ ಕಳಿಸುತ್ತಿದ್ದೇನೆ, ನಿನ್ನ ಪೆಟ್ಟಿಗೆಯ ಸಮೇತ. ಒಳಗಿದ್ದ ಬಣ್ಣ ಕಲ್ಲಾಗಿತ್ತು, ಹೊಸದು ತುಂಬಿಸಿದ್ದೇನೆ. ಈ ಬೆಟ್ಟವನ್ನು ನೀನು ತಿದ್ದು. ನನ್ನನ್ನು ಕೇಳದೆ ತಿದ್ದು.

ಗ್ರೀಸು ಹತ್ತಿದ ಆ ಕೈಗೆ ಮತ್ತೆ ಬಣ್ಣ ಹತ್ತಲಿ, ನೂರು ಕಾಲ ಹತ್ತಲಿ.

ಸ್ಕೇಲು ಕೆಳಗಿಟ್ಟ,
ನಿನ್ನ ಅಕ್ಕ